ಟಿಕ್ ಎಂದ ಮೇಲೆ

ಬಂದೂಕು ಹಿಡಿದು ಬಸ್ಸಿನಲ್ಲಿ ಕೂತವನ ಪಕ್ಕ ಯಾರೂ ಕೂರುವುದಿಲ್ಲ ಎಂಬುದು ಕನಕರಾಯನಿಗೆ ಹೊಸ ಸಂಗತಿಯಲ್ಲ. ಇಷ್ಟು ವರ್ಷದ ಪೊಲೀಸು ನೌಕರಿಯಲ್ಲಿ ಅದರಿಂದ ಸುಖವನ್ನೇ ಕಂಡವನು ಅವನು. ಎಂಥ ಸಂತೆಯ ದಿನವೂ ಅವನಿಗೆ ಕಿಟಕಿ ಪಕ್ಕದ ಸೀಟು, ಕಾಲು ಚಾಚಲು ಜಾಗ. ಈವತ್ತು ಮಾತ್ರ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ಸು ತುಂಬುತ್ತ ಹೋದಂತೆ, ಹತ್ತಿದವರೆಲ್ಲ ಅವನ ಮೊಣಕಾಲ ನಡುವಿನ ತ್ರೀ ನಾಟ್ ತ್ರೀಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಹಿಂದಕ್ಕೆ ಸರಿದು ನಿಲ್ಲುವುದನ್ನು ಕಂಡು ನಾಚಿಕೆಯಾಯಿತು. "ಗುಂಡಿಲ್ಲ ಇದರಾಗ, ಬಾ ಯವ್ವಾ, ಕೂಡು," ಎಂದು ಒಬ್ಬ ಮುದುಕಿಗೆ ಹೇಳಿದ. ಮುದುಕಿ ಕೇಳಿಸದವಳಂತೆ ಕಂಬಿ ಹಿಡಿದು ನಿಂತಳು. ಮೂವರ ಸೀಟಿನಲ್ಲಿ ಅವನ ಜೊತೆ ಕೂತಿದ್ದವನು ಹನುಮಂತ್ರಾಯ ಒಬ್ಬನೇ. ನೌಕರಿಯಿಂದ ಸಸ್ಪೆಂಡ್ ಆದ ಪೇದೆ, ಕನಕರಾಯನ ಕೈಯಲ್ಲೇ ಪಳಗಿದವನು. ಖಾಕಿ ಬಿಟ್ಟ ಮೈಮೇಲೆ ಬಿಳಿ ಅಂಗಿ ಬೇರೆ ಯಾರದೋ ಎನ್ನುವಷ್ಟು ಸಡಿಲವಾಗಿತ್ತು. ಬಲಗೈಯನ್ನು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಭಾರ ಬಿಟ್ಟು ಕೂತಿದ್ದ. ಬಸ್ಸು ಹೊರಟು ಕಂಡಕ್ಟರು ಬಂದಾಗ ಎಡಗೈಯಿಂದಲೇ ಬಲಜೇಬು ತಡಕಾಡಿ, ಮೈಯೆಲ್ಲ ತಿರುಚಿ ಚಿಲ್ಲರೆ ತೆಗೆದ. ಬಲಗೈ ಹೊರಗೆ ಬರಲಿಲ್ಲ. ಗುಂಡು ಹಾರಿದ ದಿನದಿಂದ ಅವನು ಹೀಗೇ ಕೂರುತ್ತಾನೆ ಎಂದು ಕನಕರಾಯ ಕೇಳಿದ್ದ, ನೋಡಿದ್ದು ಈವತ್ತೇ.

ಮಾನ್ವಿಯ ಪ್ರವಾಸಿ ಮಂದಿರದಲ್ಲಿ ವಿಚಾರಣೆ, ಬಂದೂಕನ್ನೂ ತರಬೇಕೆಂದು ಹುಕುಂ. ಹಿಂದಿನ ತಿಂಗಳು ಕಾಲುವೆಯ ತೂಬಿನ ಹತ್ತಿರ ನೀರಿಗಾಗಿ ಸೇರಿದ ಜನರ ಮೇಲೆ ಹನುಮಂತ್ರಾಯ ಹಾರಿಸಿದ ಗುಂಡಿಗೆ ಬಂಡೆಮ್ಮ ಎಂಬ ಹೆಂಗಸು ಸತ್ತಿದ್ದಳು. ಹಾರಿಸು ಎಂದು ಅಧಿಕಾರಿ ಹೇಳಿದ್ದು ಹೌದು. ಆದರೆ ಮೊದಲ ಗುಂಡು ಹಾರದೆ ಸುಮ್ಮನಾದಾಗ ಅದೇ ಅಧಿಕಾರಿ "ರುಕೋ," ನಿಲ್ಲಿಸು, ಎಂದು ಕೂಗಿದ್ದ. ಕೂಗಿದ ಮೇಲೂ ಹನುಮಂತ್ರಾಯ ಬೋಲ್ಟ್ ಎಳೆದು ಎರಡನೆಯದನ್ನು ಹಾರಿಸಿದ್ದ. ಹುಕುಂ ಮೀರಿ ಕೊಂದನೋ, ಹುಕುಂ ಕೇಳಿಸದೆ ಕೊಂದನೋ, ಇಷ್ಟೇ ಪ್ರಶ್ನೆ. ಮೀರಿ ಕೊಂದ ಎಂದಾದರೆ ಜೈಲು. ಕೇಳಿಸಲಿಲ್ಲ, ಕೇಳಿಸಲು ಸಾಧ್ಯವೇ ಇರಲಿಲ್ಲ ಎಂದು ಹೇಳಬಲ್ಲವನು ಒಬ್ಬನೇ: ಆ ಕೈಗೆ ಕಲಿಸಿದ ಉಸ್ತಾದ, ಕನಕರಾಯ. ಹೇಳಿಯೇ ಬಿಡುವುದೆಂದು ಅವನು ನಿರ್ಧರಿಸಿದ್ದ.

ರಾಯಚೂರಿನ ಹೊರಗೆ, ಗುಡ್ಡದ ಬುಡದ ಚಾಂದಮಾರಿಯಲ್ಲಿ, ಪೊಲೀಸರು ಬಂದೂಕು ಕಲಿಯುವ ಮೈದಾನದಲ್ಲಿ, ಗುರಿ ಹೊಡೆಯಲು ಕಲಿಸುವವರು ಬೇರೆಯವರಿದ್ದರು. ಕನಕರಾಯ ಕಲಿಸುತ್ತಿದ್ದುದು ಬಂದೂಕು ಕೈಕೊಟ್ಟಾಗ ಏನು ಮಾಡಬೇಕು ಎಂಬುದನ್ನು. ಹಳೆಯ ಬಂದೂಕುಗಳು, ಮಳೆಗಾಲ ಕಂಡ ಕಾಡತೂಸುಗಳು. ಕೈಕೊಡದೆ ಏನು ಮಾಡಿಯಾವು? ಘೋಡಾ ಒತ್ತಿದಾಗ ಢಂ ಎನ್ನಬೇಕಾದದ್ದು ಟಿಕ್ ಎಂದರೆ, ಆ ಟಿಕ್ ತಲೆಗೆ ಹತ್ತುವ ಮೊದಲೇ ಬೋಲ್ಟ್ ಹಿಂದಕ್ಕೆ ಬಂದು, ಸತ್ತ ಕಾಡತೂಸು ಹೊರಗೆ ಹಾರಿ, ಹೊಸದು ಒಳಗೆ ಕೂತು, ಬೆರಳು ಮತ್ತೆ ಘೋಡಾದ ಮೇಲಿರಬೇಕು. ಫೌರೀ ಇಲಾಜ್ ಎಂದು ಅದರ ಹೆಸರು, ತಡಮಾಡದ ಮದ್ದು. ಅವನಿಗೆ ಅದನ್ನು ಕಲಿಸಿದ ಖಾಸಿಂ ಸಾಬ್ ನಿಜಾಮರ ಕಾಲದ ಮನುಷ್ಯ, ಬೀಡಿ ಕಚ್ಚಿಕೊಂಡೇ ಹೇಳುತ್ತಿದ್ದ, "ಹಾತ್ ಕು ಅಖಲ್ ದೇ ಬೇಟಾ, ಸರ್ ಕು ನಕ್ಕೋ." ಬುದ್ಧಿ ಕೈಗೆ ಕೊಡು, ತಲೆಗೆ ಬೇಡ. ತಲೆ ಅಂದರೆ ಯೋಚನೆ, ಯೋಚನೆ ಅಂದರೆ ತಡ, ತಡ ಅಂದರೆ ಸಾವು. ಸಾವು ಎಂದರೆ ಬಂದೂಕು ಹಿಡಿದವನ ಸಾವು ಎಂದೇ ಇಬ್ಬರೂ ತಿಳಿದಿದ್ದರು. ಎದುರಿನವರ ಮಾತು ಆ ಪಾಠದಲ್ಲಿ ಇರಲಿಲ್ಲ.

ಖಾಸಿಂ ಸಾಬ್ ಕಲಿಸದ ಒಂದನ್ನು ಕನಕರಾಯ ತಾನೇ ಸೇರಿಸಿದ. ಹೊಡೆಯುವವನಿಗೆ ಗೊತ್ತಾಗದಂತೆ ನಿಜವಾದ ಕಾಡತೂಸುಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ಇಡುವುದು ಎಲ್ಲ ಉಸ್ತಾದರೂ ಮಾಡುವುದೇ. ಕನಕರಾಯ ಅದರ ಮೇಲೆ, ಟಿಕ್ ಎಂದ ಕೂಡಲೇ ಹುಡುಗರ ಕಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದ. "ಹಾವು ಬಂತಲೇ!" "ಸಾಹೇಬ್ರು ಬಂದ್ರು, ಸಲಾಮು ಹೊಡಿಯಲೇ!" "ನಿಮ್ಮವ್ವ ಸತ್ತಳಂತಲೇ!" ಎಲ್ಲಕ್ಕಿಂತ ಹೆಚ್ಚಾಗಿ, "ರುಕೋ! ರುಕೋ!" ಯಾರ ಕೈ ಅರೆಗಳಿಗೆ ನಿಂತರೂ ಅವನು ಬಂದೂಕು ತಲೆಯ ಮೇಲೆತ್ತಿ ಮೈದಾನ ಸುತ್ತಬೇಕು. ಉಳಿದವರು "ಹೊಸ ಸೊಸಿ ಬಂದ್ಲು, ಹೊಸ ಸೊಸಿ" ಎಂದು ಚಪ್ಪಾಳೆ ತಟ್ಟಬೇಕು. ದೇವದುರ್ಗದ ಕಡೆಯ ಕುರಿಗಾರರ ಹುಡುಗ ಹನುಮಂತ್ರಾಯ ಮೊದಲ ವಾರ ಅವ್ವ ಸತ್ತಳು ಎಂದದ್ದಕ್ಕೆ ಬಂದೂಕು ಕೆಳಗಿಟ್ಟು ಅತ್ತೇ ಬಿಟ್ಟಿದ್ದ. ಎಷ್ಟು ನಕ್ಕಿದ್ದರು ಅಂದು. ಅದೇ ಹನುಮಂತ್ರಾಯ ಮಳೆಗಾಲ ಮುಗಿಯುವ ಹೊತ್ತಿಗೆ, ಕನಕರಾಯ ತನ್ನ ಟವೆಲಿನಿಂದ ಕಣ್ಣು ಕಟ್ಟಿ, ಎಂಜಲು ಸಿಡಿಯುವಂತೆ ಕಿವಿಯಲ್ಲಿ ರುಕೋ ರುಕೋ ಎಂದು ಅರಚಿದರೂ, ನೀರು ಕುಡಿದಷ್ಟು ಸಲೀಸಾಗಿ ಬೋಲ್ಟ್ ಎಳೆದು ತಳ್ಳಿ ಗುರಿಗೆ ಹೊಡೆದಿದ್ದ. "ಕೇಳಿಸ್ತೇನಲೇ?" "ಏನ್ರೀ ಉಸ್ತಾದ್?" "ನಾ ಕೂಗಿದ್ದು." "ಕೂಗಿದ್ರೇನ್ರೀ?" ಆ ಉತ್ತರಕ್ಕೆ ಕನಕರಾಯ ಎಷ್ಟು ಹಿಗ್ಗಿದ್ದನೆಂದರೆ, ಊರೊಳಗಿನ ತೀನ್ ಕಂದೀಲ್ ಚೌಕದ ತನಕ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಮಿರ್ಚಿ, ಚಹಾ ಕೊಡಿಸಿದ್ದ. ಆ ಮಿರ್ಚಿಯ ಖಾರ ಈಗ ಬಸ್ಸಿನಲ್ಲಿ, ಬೆಳಗಿನ ಖಾಲಿ ಹೊಟ್ಟೆಯಲ್ಲಿ, ಗಂಟಲಿಗೆ ಬಂತು.

"ಅಕಿ ನಗಾಕತ್ತಿದ್ಲು ಉಸ್ತಾದ್," ಎಂದ ಹನುಮಂತ್ರಾಯ, ಕಿಟಕಿಯ ಕಡೆ ನೋಡುತ್ತ.

"ಯಾರು?"

"ಬಂಡೆಮ್ಮ. ಟಿಕ್ ಅಂತಲ್ರೀ, ಎಲ್ಲಾರೂ ಸುಮ್ಕಾದ್ರು. ಆಮ್ಯಾಲ ಯಾವನೋ, 'ಏ, ಸರಕಾರದ ಬಂದೂಕಿಗೆ ನೆಗಡಿ ಆಗ್ಯಾದಲೇ' ಅಂದ. ಎಲ್ಲಾರೂ ನಕ್ರು. ಕಲ್ಲು ಹಿಡಕೊಂಡವ್ರೂ ನಕ್ರು. ಅಕಿ ಸೆರಗು ಬಾಯಿಗೆ ಇಟ್ಕೊಂಡು ನಗಾಕತ್ತಿದ್ಲು. ನನಗೂ ನಗು ಬಂತ್ರೀ. ನಗು ಬಂದದ್ದು ನೆಪ್ಪದ. ಅಷ್ಟ್ರಾಗ ಢಂ ಅಂತು. ಯಾರು ಹೊಡದ್ರು ಅಂತ ನಾನಾ ತಿರುಗಿ ನೋಡಿದ್ನಿ."

ಕನಕರಾಯ ಅವನ ಕಡೆ ತಿರುಗಿದ.

"ನಾ ಅಲ್ರೀ ಹೊಡದದ್ದು," ಎಂದ ಹನುಮಂತ್ರಾಯ. ತೊಡೆಯ ಕೆಳಗಿನ ಕೈಯ ಕಡೆ ಗದ್ದ ಮಾಡಿ ತೋರಿಸಿದ. "ಇದು. ನಿಮಗ ಒಬ್ರಿಗೇ ಗೊತ್ತದ. ಇದು ನಿಲ್ಲಂಗಿಲ್ಲ ಅಂತ ನಿಮಗ ಗೊತ್ತದಲ್ರೀ?"

"ಗೊತ್ತದ," ಎಂದ ಕನಕರಾಯ. "ಹೇಳ್ತೀನಿ. ಅಂಜಬ್ಯಾಡ."

ನಕ್ಕಿದ್ದರು ಎಂಬುದನ್ನು ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಕಲ್ಲು ತೂರಾಟ, ದೊಂಬಿ, ಗುಂಡು ಎಂದಷ್ಟೇ ಕೇಳಿದ್ದ. ಟಿಕ್ ಮತ್ತು ಢಂ ನಡುವೆ ಇಷ್ಟೊಂದು ಜನ ನಗುವಷ್ಟು ಜಾಗವಿತ್ತೇ? ಆ ಜಾಗವನ್ನು ಕಿರಿದು ಮಾಡುವುದೇ ತನ್ನ ಕಸುಬು ಎಂದು ಅವನು ಬದುಕಿದ್ದ; ಒಂದು ಉಸಿರಿನಷ್ಟಿದ್ದುದನ್ನು ಅರೆ ಉಸಿರು ಮಾಡಿ, ಅರೆ ಉಸಿರನ್ನು ಏನೂ ಇಲ್ಲದಂತೆ ಮಾಡಿ, ಬೆನ್ನು ತಟ್ಟಿಸಿಕೊಂಡಿದ್ದ. ಆ ದಿನ ಕೊಳೆತ ಕಾಡತೂಸೊಂದು, ದೇವರೇ ಕೈ ಅಡ್ಡ ಹಿಡಿದ ಹಾಗೆ, ಎಲ್ಲರಿಗೂ ಮನೆಗೆ ಹೋಗಲು ಒಂದಿಷ್ಟು ಬಿಡುವು ಕೊಟ್ಟಿತ್ತು. ಜನ ಅದನ್ನು ತಗೊಂಡಿದ್ದರು, ಅಧಿಕಾರಿಯೂ ತಗೊಂಡಿದ್ದ. ತಗೊಳ್ಳದೆ ಹೋದದ್ದು ಒಂದು ಕೈ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗುಂಡಿಗೆ ಯಾವ ಗಾದೆಯೂ ಬೇಕಿಲ್ಲ. ಕನಕರಾಯನಿಗೆ ಅಳು ಬಂದಂತಾಯಿತು, ಆದರೆ ಮೊಣಕಾಲ ನಡುವೆ ಬಂದೂಕು ಹಿಡಿದುಕೊಂಡು ಅಳುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಕಲ್ಲೂರಿನಲ್ಲಿ ಹೆಂಗಸರು ಬುಟ್ಟಿಗಳ ಸಮೇತ ಹತ್ತಿದರು. ಕಂಡಕ್ಟರು ಒಬ್ಬಳಿಗೆ ಬದನೆಕಾಯಿಗೂ ಟಿಕೆಟ್ ಬೇಕೆಂದು ಚೇಷ್ಟೆ ಮಾಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸುತ್ತ ನಕ್ಕಳು. ಹನುಮಂತ್ರಾಯ ಕಣ್ಣು ಮುಚ್ಚಿದ. ಕನಕರಾಯನಿಗೆ ಮಾತ್ರ ಕಣ್ಣು ಕೀಳಲಾಗಲಿಲ್ಲ. ಸೆರಗಿನ ಹಿಂದೆ ಬಾಯಿ ಹೇಗೆ ಅಗಲವಾಗುತ್ತದೆ, ಕಣ್ಣಿನ ಬದಿಯಲ್ಲಿ ನೆರಿಗೆ ಹೇಗೆ ಮೂಡುತ್ತದೆ, ನಗು ನಿಲ್ಲಲು ಎಷ್ಟು ಹೊತ್ತು ಬೇಕು, ಎಲ್ಲವನ್ನೂ ನೋಡುತ್ತಲೇ ಇದ್ದ. ಪಕ್ಕದವಳು ಸಿಡುಕಿದಳು: "ಏನ್ ನೋಡ್ತಿಯೋ ಮುದ್ಯಾ, ಬಂದೂಕು ಇದ್ರ ಯಾರನ್ನ ಬೇಕಾದ್ರೂ ನೋಡಬೌದನು?" ಬಸ್ಸೆಲ್ಲ ತಿರುಗಿತು. ತಪ್ಪು ತಿಳಿಯಬೇಡ ಯವ್ವಾ ಎನ್ನಲು ಬಾಯಿ ತೆರೆದ ಕನಕರಾಯ, ಏನೆಂದು ಬಿಡಿಸಿ ಹೇಳಲಿ ಎಂದು ಮುಚ್ಚಿಕೊಂಡ. ಮಾನ್ವಿ ಬರುವ ತನಕ ತನ್ನ ಬೂಟಿನ ತುದಿಯನ್ನೇ ನೋಡುತ್ತ ಕೂತ. ಹೊರಗೆ ಕಾಲುವೆ ನೀರಿನ ಗದ್ದೆಗಳು ಹಸಿರಾಗಿ ಬರುತ್ತಿದ್ದವು. ಯಾರದೋ ಮಿಲ್ಲಿನಲ್ಲಿ ಹೊಟ್ಟು ಸುಡುವ ವಾಸನೆ.

ನಿನ್ನೆ ಇನ್ಸ್‌ಪೆಕ್ಟರ್ ಮಹಾಂತಯ್ಯ ಕರೆಸಿ ಹೇಳಿದ್ದರು. "ಕಾನೂನು ಪ್ರಕಾರ ಕಲಿಸೀನಿ ಅಂತ ಒಂದ ಮಾತು ಹೇಳಿ ಬಾ ಕನಕರಾಯ. ಬರೋ ವರ್ಷ ಪಿಂಚಣಿಗೆ ಹೊಂಟವ, ಇಲ್ಲದ ಉಸಾಬರಿ ನಿನಗ್ಯಾಕ? ಅಂವ ಒಬ್ಬ ಹೋದ್ರ ಒಬ್ಬ ಹೋದ. ನೀ ಬಾಯಿ ಬಿಟ್ರ ಚಾಂದಮಾರಿ ಎಲ್ಲಾ ಎಳಕೊಂಡು ಹೋದಿ." ಒಳ್ಳೆಯ ಮನುಷ್ಯ ಮಹಾಂತಯ್ಯ, ಕೆಟ್ಟ ಮಾತನ್ನೂ ಒಳ್ಳೆಯ ದನಿಯಲ್ಲಿಯೇ ಹೇಳುತ್ತಾರೆ. ಅದಕ್ಕೂ ಮೊದಲು ಹನುಮಂತ್ರಾಯನ ತಾಯಿ ಅಯ್ಯಮ್ಮ ದೇವದುರ್ಗದಿಂದ ಬಂದು ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತಿದ್ದಳು. ಚಾಂದಮಾರಿಯಲ್ಲಿ ತಾನು ದಿನಾ ಸಾಯಿಸುತ್ತಿದ್ದ ಹೆಂಗಸನ್ನು ಕನಕರಾಯ ಮೊದಲ ಸಲ ನೋಡಿದ್ದು ಆವತ್ತು. ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. ಅತ್ತುಕರೆದು ಮಾಡಲಿಲ್ಲ. "ಕೈ ಹಿಡಿದು ಕಲಿಸೀರಿ ಯಪ್ಪಾ, ಕೈ ಹಿಡಿದು ದಾಟಸ್ರಿ," ಎಂದಷ್ಟೇ ಹೇಳಿ ಎದ್ದು ಹೋದಳು. ಆ ರೊಟ್ಟಿಯನ್ನು ಕನಕರಾಯನ ಹೆಂಡತಿ ತಿಂದಳು. ಅವನಿಗೆ ಮುರಿಯಲೂ ಆಗಲಿಲ್ಲ.

ತನಿಖೆಯ ಸಾಹೇಬರು ಮೈಸೂರಿನ ಕಡೆಯವರು. ಮೆತ್ತನೆಯ ಮಾತು, ಆಗಾಗ ಲೋಟದಿಂದ ನೀರು ಗುಟುಕರಿಸುವ ಅಭ್ಯಾಸ. ಒಂದು ಮೂಲೆಯಲ್ಲಿ ಟೈಪು ಮಾಡುವವನು. ವರಾಂಡದಾಚೆ ಬೇವಿನ ಮರದ ಕೆಳಗೆ ಬಂಡೆಮ್ಮನ ಊರಿನವರು ಸಾಕ್ಷಿಗೆ ಬಂದು ಕೂತಿದ್ದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹನುಮಂತ್ರಾಯನನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಕನಕರಾಯ ಟೋಪಿ ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದ. ಡಮ್ಮಿ, ಟವೆಲು, ಹಾವು, ಸತ್ತ ಅವ್ವಂದಿರು, ಹೊಸ ಸೊಸೆ. ಹೇಳುತ್ತ ಹೋದಂತೆ ಎದೆ ಹಗುರಾಗತೊಡಗಿತು.

"ಅಂದರೆ, ರುಕೋ ಎಂದು ನೀವೇ ಕಿವಿಯಲ್ಲಿ ಕೂಗಿ, ನಿಂತವರಿಗೆ ಶಿಕ್ಷೆ ಕೊಡುತ್ತಿದ್ದಿರಿ?"

"ಹೌದ್ರೀ ಸಾಹೇಬ್ರ. ಅಂವಗ ಕೇಳಿಸಿಲ್ರೀ. ಕೇಳಿಸದಂಗ ಮಾಡಿದಂವ ನಾನು. ತಪ್ಪು ನಂದಾ ಅದ್ರೀ."

ಟೈಪು ನಿಂತಿತು. ಸಾಹೇಬರು ನೀರು ಕುಡಿದರು. "ಚಾಂದಮಾರಿಯ ಉಳಿದವರನ್ನೂ ಕೇಳಿದ್ದೇವೆ. ಎಲ್ಲರೂ ಕಾನೂನಿನ ಪ್ರಕಾರವೇ ಕಲಿಸಿದರು ಎನ್ನುತ್ತಾರೆ. ನೀವೊಬ್ಬರೇ ಹೀಗೆ. ಹುಡುಗನ ಮೇಲಿನ ಮಮತೆಯಿಂದ ಹೇಳುತ್ತಿದ್ದೀರಿ ಎಂದು ನಾನು ತಿಳಿದರೆ ತಪ್ಪಿದೆಯೇ?"

"ಮಮತಿ ಅಲ್ರೀ. ಕೈಗೆ ಕಿವಿ ಇರಂಗಿಲ್ರೀ ಸಾಹೇಬ್ರ. ಬೇಕಾರ ಈಗ ತೋರಸ್ತೀನಿ."

ಅದಕ್ಕೇ ಅಲ್ಲವೇ ಬಂದೂಕು ತರಲು ಹೇಳಿದ್ದು ಎನ್ನುವಂತೆ ಸಾಹೇಬರು ತಲೆಯಾಡಿಸಿದರು. ಎದ್ದು ಅವನ ಪಕ್ಕಕ್ಕೇ ಬಂದು ನಿಂತರು. "ನಾನು ರುಕೋ ಎನ್ನುತ್ತೇನೆ. ನಿಮ್ಮ ಕೈ ನಿಲ್ಲಬಾರದು. ನೀವು ಬೇಕೆಂದೇ ನಿಲ್ಲಿಸದೆಯೂ ಇರಬಹುದು, ಅದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ. ಆದರೂ ನೋಡೋಣ." ಕನಕರಾಯ ಎರಡು ಡಮ್ಮಿ ತುಂಬಿದ. ಕಿಟಕಿಯಿಂದಾಚೆ ಕಾಂಪೌಂಡಿನ ಖಾಲಿ ಗೋಡೆಗೆ ಗುರಿ ಇಟ್ಟ. ಬಂದೂಕಿನ ಹಿಡಿ ಕೆನ್ನೆಗೆ ತಣ್ಣಗೆ ಹತ್ತಿದಾಗ, ಎಷ್ಟೋ ದಿನದ ಮೇಲೆ ತನ್ನ ಮನೆಗೆ ತಾನು ಬಂದಂತೆನಿಸಿತು. ಬೇವಿನ ಮರದ ಕೆಳಗಿದ್ದವರು ಬಂದೂಕು ಕಂಡು ತಟಕ್ಕನೆ ಎದ್ದು ನಿಂತರು. ಪೇದೆಯೊಬ್ಬ, "ಏ, ಗುಂಡಿಲ್ಲ, ಕೂಡ್ರಿ, ಸುಮ್ನ ಆಟ," ಎಂದು ಕೂಗಿದ. ಅವರು ಕೂರಲಿಲ್ಲ. ಕನಕರಾಯ ಘೋಡಾ ಒತ್ತಿದ.

ಟಿಕ್.

ಕೈ ತಾನಾಗಿ ಬೋಲ್ಟಿಗೆ ಹೋಯಿತು. ಎತ್ತಿತು, ಎಳೆಯಿತು. ಆಗಲೇ ಮರದ ಕೆಳಗೆ ಯಾರೋ ಹೆಂಗಸು ನಕ್ಕಳು. ಜೀವ ಹೋಗುವಷ್ಟು ಹೆದರಿದವರಿಗೆ ಏನೂ ಆಗಲಿಲ್ಲ ಎಂದು ಗೊತ್ತಾದಾಗ ಬರುವ ನಗು, ಸೆರಗಿನ ಹಿಂದಿನಿಂದ. ಸಾಹೇಬರ "ರುಕೋ" ಅದರ ಜೊತೆಗೇ ಬಂತು, ಮುಂಚೆಯೋ ಆಮೇಲೋ ಕನಕರಾಯನಿಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೆ ರುಕೋ ಕೇಳಿಸಲೇ ಇಲ್ಲ. ಕೇಳಿಸಿದ್ದು ನಗು. ಬೋಲ್ಟ್ ಅರ್ಧ ದಾರಿಯಲ್ಲಿ, ಡಮ್ಮಿ ಬಾಯಲ್ಲಿ ಕಚ್ಚಿಕೊಂಡು, ನಿಂತಿತ್ತು. ಮುಂದೆ ತಳ್ಳು ಎಂದು ಅವನು ಕೈಗೆ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಕೈಗೆ ಬಾಯಿಬಿಟ್ಟು ಹೇಳಬೇಕಾಗಿ ಬಂದಿತ್ತು. ಕೈ ಮುಂದೆ ಹೋಗಲಿಲ್ಲ.

"ನಿಂತಿತಲ್ಲ," ಎಂದರು ಸಾಹೇಬರು. ಅವರ ದನಿಯಲ್ಲಿ ಗೆಲುವೇನೂ ಇರಲಿಲ್ಲ, ಬೇಸರವೇ ಇತ್ತು. "ಕಲಿಸಿದವರ ಕೈಯೇ ನಿಲ್ಲುತ್ತದೆ."

"ಇನ್ನೊಮ್ಮಿ ಮಾಡ್ತೀನ್ರೀ ಸಾಹೇಬ್ರ. ಇದು ಹಂಗಲ್ರೀ. ಅಲ್ಲಿ ಅಕಿ ನಕ್ಕಳ್ರೀ."

"ನಕ್ಕರೆ?"

ನಗು ಕೇಳಿ ನಿಂತಿತು ಎಂದರೆ, ತೂಬಿನ ಹತ್ತಿರವೂ ನಗು ಇತ್ತಲ್ಲ, ಆಗ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಾರೆ. ಸಾಹೇಬರು ಕುರ್ಚಿಗೆ ಮರಳಿ ಹೋಗಿ ಮೆಲುದನಿಯಲ್ಲಿ ಏನೋ ಹೇಳತೊಡಗಿದರು, ಟೈಪಿನ ಸದ್ದು ಮತ್ತೆ ಶುರುವಾಯಿತು. ಕನಕರಾಯ ಬಾಗಿಲ ಕಡೆ ತಿರುಗಿದ. ಬೆಂಚಿನಿಂದ ಎದ್ದು ಬಂದಿದ್ದ ಹನುಮಂತ್ರಾಯ ಹೊಸ್ತಿಲಲ್ಲಿ ನಿಂತು ಅರ್ಧ ತೆರೆದ ಬೋಲ್ಟನ್ನೇ ನೋಡುತ್ತಿದ್ದ.

ಸಂಜೆಯ ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ಆದರೂ ಹನುಮಂತ್ರಾಯ ಬಂದು ಪಕ್ಕದಲ್ಲೇ ಕೂತ. ಅವನು ಬೈಯಲಿ ಎಂದು ಕನಕರಾಯ ಕಾದ. ನಿಮ್ಮಿಂದ ಹಾಳಾದೆ, ಒಂದು ಮಾತು ಉಳಿಸಿಕೊಳ್ಳಲಾಗಲಿಲ್ಲವೇ, ಏನಾದರೂ ಅನ್ನಲಿ. ಬಸ್ಸು ಊರು ದಾಟಿ ಗದ್ದೆಗಳ ನಡುವೆ ಬಂತು. ಹನುಮಂತ್ರಾಯನ ಬಲಗೈ ತೊಡೆಯ ಕೆಳಗಿಂದ ಹೊರಗೆ ಬಂದಿತ್ತು. ಅದನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡುತ್ತಿದ್ದ.

"ನಂದು ಮುದಿ ಕೈ ಲೇ," ಎಂದ ಕನಕರಾಯ. ಇದನ್ನು ಬೇರೆ ಯಾರಾದರೂ ಅಂದಿದ್ದರೆ ಅವರ ಹಲ್ಲು ಉದುರಿಸುತ್ತಿದ್ದ. "ಮೊದಲಿನ ಬಿರುಸು ಇಲ್ಲ. ನಡಗ್ತದ. ಅದಕ್ಕ ನಿಂತು. ನಿನ್ನ ಕೈ ಹಂಗಲ್ಲ. ನಿನ್ನದು ನಿಲ್ತಿದ್ದಿಲ್ಲ."

ಹನುಮಂತ್ರಾಯ ಕೈಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟು ದಿನ ತಪ್ಪು ಇದರ ಮ್ಯಾಲ ಹಾಕಿದ್ನಿ ಉಸ್ತಾದ್," ಎಂದ. "ಇದು ಪಾಪ, ಹೇಳಿದ್ರ ನಿಲ್ತಿತ್ತು. ನಾ ಹೇಳಲಿಲ್ಲ."

"ಇಲ್ಲಲೇ. ಹೇಳಿದ್ರೂ ನಿಲ್ತಿದ್ದಿಲ್ಲ."

"ಅಕಿ ನಕ್ಕದ್ದು ನಾ ನೋಡಿದ್ನಿ. ನನಗೂ ನಗು ಬಂದಿತ್ತು. ಅಷ್ಟು ಹೊತ್ತು ಇತ್ತು." ಕೈಯನ್ನು ಮಗುಚಿ ಹಿಂಬದಿ ನೋಡಿದ. "ನಾನಾ ಕೊಂದ್ನಿ."

"ನೀ ಅಲ್ಲಲೇ!" ಕನಕರಾಯನ ದನಿ ತನಗೆ ತಿಳಿಯದೆ ಎದ್ದಿತು. ಮುಂದಿನ ಸೀಟಿನವರು ತಿರುಗಿದರು. ಅವನು ಬಂದೂಕನ್ನು ಎಡಗೈಗೆ ತೆಗೆದುಕೊಂಡು, ಹನುಮಂತ್ರಾಯನ ಹೆಗಲು ಹಿಡಿದು ಎಳೆದು, ಕಿವಿಗೆ ಬಾಯಿ ಹಚ್ಚಿ, ಚಾಂದಮಾರಿಯಲ್ಲಿ ಕೂಗುತ್ತಿದ್ದಂತೆಯೇ ಕೂಗಿದ. "ನಂದಲೇ ತಪ್ಪು! ಕೇಳಿಸ್ತೇನಲೇ? ನಂದು! ನಾ ಕಲಿಸಿದ್ದು!" ಬಸ್ಸಿನ ತುಂಬ ಅವನ ದನಿಯೇ ಆಯಿತು. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು ನೋಡುತ್ತ ನಿಂತ. ಕನಕರಾಯ ಮತ್ತೆ ಕೂಗಿದ, ಎಂಜಲು ಸಿಡಿಯುವಂತೆ, ಮತ್ತೆ ಮತ್ತೆ.

ಹನುಮಂತ್ರಾಯ ಬೆರಳು ಮಡಚುತ್ತ ಬಿಚ್ಚುತ್ತ ಕೂತಿದ್ದ. ಅವನಿಗೆ ಕೇಳಿಸಲಿಲ್ಲ.